ವೇಲ್ಸ್‌ನ ಹಳೆಯ ಪ್ಯಾರಿಷ್ ಸಮಾಧಿ ದಾಖಲೆಗಳಲ್ಲಿ ಮನೆತನ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವೇಲ್ಸ್‌ನವರನ್ನು ಮದುವೆಯಾದ ಕನ್ನಡಿಗರು, ಕಾರ್ಡಿಫ್, ಸ್ವಾನ್‌ಸಿ ಕಡೆ ನೆಲೆಸಿದವರು, ಬೆಂಗಳೂರಿನ ಆಂಗ್ಲೋ ಇಂಡಿಯನ್ ಕುಟುಂಬದವರು ಮಾತಿನಲ್ಲಿ, ಪತ್ರದಲ್ಲಿ ಕೇಳುತ್ತ ಬಂದ ಪ್ರಶ್ನೆಗಳು ಇವು. ಹೊಸಬರ ಪ್ರಶ್ನೆಗಳು ಮೊದಲು, ತೊಡಕಿನವು ಆಮೇಲೆ.

## ಶುರು ಮಾಡುವವರಿಗೆ

ಸಮಾಧಿ ದಾಖಲೆ ಅಂದ್ರೆ ಗೋರಿಕಲ್ಲಿನ ಮೇಲೆ ಬರೆದಿರೋದಾ?

ಅಲ್ಲ, ಅದು ಬೇರೆ, ಇದು ಬೇರೆ. ಪ್ಯಾರಿಷ್ ಅಂದರೆ ಒಂದು ಚರ್ಚಿನ ಸರಹದ್ದಿಗೆ ಸೇರಿದ ಊರು, ಹಳ್ಳಿ, ಒಂಟಿ ಮನೆಗಳು. ಆ ಚರ್ಚಿನ ಅಂಗಳದಲ್ಲಿ ಯಾರನ್ನು ಮಣ್ಣು ಮಾಡಿದರೂ ಪಾದ್ರಿ ಪುಸ್ತಕದಲ್ಲಿ ಬರೆದಿಡಬೇಕಿತ್ತು. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಇಂಗ್ಲೆಂಡ್, ವೇಲ್ಸ್ ಎರಡಕ್ಕೂ ಮಾಡಿದ ಕಟ್ಟಳೆ ಅದು. ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರನ್ನೂ ಬರೆಯಬೇಕಿತ್ತು.

ಕಲ್ಲು ನಿಲ್ಲಿಸಲು ದುಡ್ಡು ಬೇಕು. ಕೂಲಿ ಮಾಡುವವರಿಗೆ, ಮನೆಗೆಲಸದ ಹುಡುಗಿಗೆ, ಎಳೇ ಕೂಸಿಗೆ ಎಷ್ಟೋ ಸಲ ಕಲ್ಲೇ ಇರಲಿಲ್ಲ. ಅವರು ಬದುಕಿದ್ದರು ಅನ್ನುವುದಕ್ಕೆ ಆ ಪುಸ್ತಕದ ಒಂದು ಸಾಲೇ ಸಾಕ್ಷಿ. ಇನ್ನೊಂದು ವಿಷಯ: ಕಲ್ಲಿನ ಮೇಲಿರುವುದು ಸತ್ತ ದಿನ, ಪುಸ್ತಕದಲ್ಲಿರುವುದು ಹೂತ ದಿನ. ಕೆಲವು ದಿನಗಳ ವ್ಯತ್ಯಾಸ ಇದ್ದರೆ ಗಾಬರಿ ಬೇಡ.

ಹುಟ್ಟಿದ್ದು ಸಿಕ್ಕಿದೆ, ಮದುವೆ ಸಿಕ್ಕಿದೆ. ಸತ್ತಿದ್ದು ಹುಡುಕಿ ಏನು ಪ್ರಯೋಜನ?

ಎಲ್ಲಕ್ಕಿಂತ ಜಾಸ್ತಿ ಪ್ರಯೋಜನ ಇಲ್ಲೇ ಇದೆ. ಉದಾಹರಣೆಗೆ, ನಿಮ್ಮ ಹಿರಿಯ ಡೇವಿಡ್ ಇವಾನ್ಸ್ ಸುಮಾರು 1791ರಲ್ಲಿ ಹುಟ್ಟಿದವರು ಎಂದಿಟ್ಟುಕೊಳ್ಳಿ. ಪ್ಯಾರಿಷ್ ಪುಸ್ತಕದಲ್ಲಿ ಆ ವರ್ಷ ಒಬ್ಬ ಡೇವಿಡ್‌ನ ದೀಕ್ಷಾಸ್ನಾನ ಸಿಗುತ್ತದೆ. ವಯಸ್ಸು ಸರಿ, ಊರು ಸರಿ. ಖುಷಿಯಿಂದ ಅವನ ಅಪ್ಪ, ಅಜ್ಜ ಅಂತ ಹಿಂದಕ್ಕೆ ಹೋಗಿಬಿಡುತ್ತೀರಿ. ಆದರೆ ಸಮಾಧಿ ಪುಟ ತೆರೆದರೆ, ಅದೇ ಮಗು ಮರುವರ್ಷ ಚಳಿಗಾಲದಲ್ಲಿ ತೀರಿಕೊಂಡಿದೆ. ಅಷ್ಟೂ ವಂಶಾವಳಿ ಬೇರೆ ಯಾರದ್ದೋ.

ಹೀಗಾಗುವುದು ಅಪರೂಪವೇನಲ್ಲ. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವ ರೂಢಿ ಇತ್ತು. ಒಂದೇ ಅಪ್ಪ ಅಮ್ಮನಿಗೆ ಇಬ್ಬರು ಡೇವಿಡ್ ಕಂಡರೆ ಮೊದಲನೆಯವನು ತೀರಿಕೊಂಡಿರುವ ಸಾಧ್ಯತೆ ಬಹಳ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಒಂದು ಹೆಸರನ್ನು ನಿಮ್ಮ ವಂಶಕ್ಕೆ ಸೇರಿಸುವ ಮುಂಚೆ ಆ ಮಗು ಬದುಕಿ ದೊಡ್ಡದಾಯಿತಾ ಅಂತ ಸಮಾಧಿ ಪುಸ್ತಕದಲ್ಲಿ ನೋಡಿ. ಜನ ಬಿಟ್ಟುಬಿಡುವುದು ಇದೊಂದನ್ನೇ.

ಬೆಂಗಳೂರಲ್ಲಿ ಕೂತು ಇದೆಲ್ಲ ಆಗುತ್ತಾ, ಅಲ್ಲಿಗೇ ಹೋಗಬೇಕಾ?

ಮುಕ್ಕಾಲು ಕೆಲಸ ಕೂತಲ್ಲೇ ಜಾಲತಾಣಗಳಲ್ಲಿ ಆಗುತ್ತದೆ. ಫ್ಯಾಮಿಲಿಸರ್ಚ್‌ನಲ್ಲಿ ಹೆಸರಿನ ಸೂಚಿ ಉಚಿತ. ಫ್ರೀರೆಗ್‌ನಲ್ಲಿ ಸ್ವಯಂಸೇವಕರು ಓದಿ ಬರೆದುಕೊಟ್ಟ ನಮೂದುಗಳಿವೆ, ಅದೂ ಉಚಿತ. ಮೂಲ ಪುಟದ ಚಿತ್ರ ಬೇಕಾದರೆ ಫೈಂಡ್‌ಮೈಪಾಸ್ಟ್‌ನಲ್ಲಿ ವೇಲ್ಸ್‌ನ ದೊಡ್ಡ ಸಂಗ್ರಹವಿದೆ, ಅದಕ್ಕೆ ಚಂದಾ ಕಟ್ಟಬೇಕು. ಅಬರಿಸ್ಟ್‌ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ 1858ಕ್ಕೆ ಮುಂಚಿನ ಉಯಿಲುಗಳನ್ನೂ 1919ರವರೆಗಿನ ಹಳೆಯ ಪತ್ರಿಕೆಗಳನ್ನೂ ಉಚಿತವಾಗಿ ತೋರಿಸುತ್ತದೆ.

ಮೂಲ ಪುಸ್ತಕಗಳು ಹೆಚ್ಚಾಗಿ ಆಯಾ ಕೌಂಟಿಯ ದಾಖಲೆ ಕಚೇರಿಗಳಲ್ಲಿವೆ. ಜೊತೆಗೆ ಡವೆಡ್, ಗ್ವಿನೆಡ್, ಕ್ಲೂಯಿಡ್, ಪೊವಿಸ್, ಗ್ಲಮಾರ್ಗನ್, ಗ್ವೆಂಟ್ ಹೀಗೆ ಪ್ರಾಂತ್ಯಕ್ಕೊಂದು ಕುಟುಂಬ ಇತಿಹಾಸ ಸಂಘವಿದೆ. ಆ ಸಂಘದವರು ಮಳೆಯಲ್ಲಿ ಚಳಿಯಲ್ಲಿ ಚರ್ಚಿನ ಅಂಗಳ ಸುತ್ತಿ ಗೋರಿಕಲ್ಲಿನ ಬರಹಗಳನ್ನು ಬರೆದಿಟ್ಟಿದ್ದಾರೆ. ಕಲ್ಲು ಪಾಚಿ ಕಟ್ಟಿ ಸವೆದುಹೋಗಿರುವ ಕಡೆ ಆ ಪಟ್ಟಿಯೇ ಗತಿ. ಸದಸ್ಯರಾಗಿ, ನಿಮ್ಮ ಪ್ಯಾರಿಷ್ ಹೆಸರು ಹೇಳಿ ಕೇಳಿ. ಸುಮ್ನೆ ಒಂದು ಕಾಗದ ಬರೆದರೂ ಸಹಾಯ ಮಾಡುವ ಜನ ಅವರು.

ಎಷ್ಟು ಹಿಂದಕ್ಕೆ ಹೋಗಬಹುದು?

1538ರ ಆಜ್ಞೆ ಇದೆ ಅಂದಮಾತ್ರಕ್ಕೆ 1538ರ ಪುಸ್ತಕ ಇದೆ ಅಂತಲ್ಲ. ವೇಲ್ಸ್‌ನಲ್ಲಿ ಅಷ್ಟು ಹಳೆಯವು ಬಹಳ ಕಡಿಮೆ ಉಳಿದಿವೆ. 1640ರಿಂದ 1660ರ ನಡುವೆ ಅಂತರ್ಯುದ್ಧ, ಆಮೇಲೆ ರಾಜನಿಲ್ಲದ ಆಡಳಿತ, ಆಗ ಎಷ್ಟೋ ಕಡೆ ಬರೆಯುವುದೇ ನಿಂತಿತು. ಬಹಳಷ್ಟು ಪ್ಯಾರಿಷ್‌ಗಳಲ್ಲಿ 1700ರ ಆಚೀಚೆಯಿಂದ ಮಾತ್ರ ಬಿಡದೆ ಓದಿಕೊಂಡು ಹೋಗಬಹುದು. ಸಾಮಾನ್ಯ ರೈತನ ಮನೆತನ ಅಲ್ಲಿಯವರೆಗೆ ಸಿಕ್ಕರೆ ಅದು ದೊಡ್ಡ ಗೆಲುವು.

## ಪುಟ ಓದುವಾಗ

1813ಕ್ಕಿಂತ ಹಿಂದಕ್ಕೆ ಹೋದರೆ ಬರೀ ಹೆಸರು, ತಾರೀಕು. ಇದರಲ್ಲಿ ಏನು ನೋಡೋದು?

1813ರ ಜನವರಿ 1ರಿಂದ ಅಚ್ಚು ಹಾಕಿದ ಪುಸ್ತಕ ಬಂತು. ಪುಟಕ್ಕೆ ಎಂಟು ನಮೂದು. ಹೆಸರು, ವಾಸದ ಜಾಗ, ಹೂತ ದಿನ, ವಯಸ್ಸು, ಕ್ರಿಯೆ ನಡೆಸಿದವರ ಸಹಿ. ವಯಸ್ಸು ಮತ್ತು ವಾಸದ ಜಾಗ, ಈ ಎರಡು ಅಂಕಣ ಬಂದಮೇಲೆ ನಮ್ಮ ಕೆಲಸ ಎಷ್ಟೋ ಸುಲಭವಾಯಿತು.

ಅದಕ್ಕೂ ಮುಂಚೆ ಪಾದ್ರಿ ಮನಸ್ಸು ಬಂದಂತೆ ಬರೆದದ್ದೇ ದಾಖಲೆ. ಹಾಗಂತ ಬರಿದು ಅಂದುಕೊಳ್ಳಬೇಡಿ. ಹೆಸರಿನ ಮುಂದೆ ಪಿ ಅಕ್ಷರ ಇದ್ದರೆ ಪ್ಯಾರಿಷ್‌ನ ದಾನಧರ್ಮದಲ್ಲಿ ಬದುಕಿದ್ದ ಬಡವರು ಎಂದರ್ಥ. ಇದರಲ್ಲಿ ಒಂದು ಎಚ್ಚರಿಕೆ ಇದೆ. 1783ರಿಂದ 1794ರವರೆಗೆ ಒಂದೊಂದು ನಮೂದಿಗೆ ಮೂರು ಪೆನ್ಸ್ ತೆರಿಗೆ ಇತ್ತು, ಬಡವರಿಗೆ ಮಾತ್ರ ಮಾಫಿ. ಆ ಹನ್ನೊಂದು ವರ್ಷದಲ್ಲಿ ಪಿ ಅಕ್ಷರ ಹೆಚ್ಚಾಗಿ ಕಂಡರೆ ಊರೆಲ್ಲ ಬಡವಾಯಿತು ಅಂತಲ್ಲ, ಪಾದ್ರಿಗೆ ಕನಿಕರ ಇದ್ದಿರಬಹುದು.

ಇನ್ನೂ ಹಿಂದೆ, 1678ರ ಕಾನೂನಿನ ನಂತರದ ಪುಟಗಳಲ್ಲಿ ಅಫಿಡವಿಟ್ ಎಂಬ ಮಾತು ಬರುತ್ತದೆ. ಉಣ್ಣೆ ವ್ಯಾಪಾರ ಬೆಳೆಯಲಿ ಅಂತ, ಹೆಣಕ್ಕೆ ಉಣ್ಣೆ ಬಟ್ಟೆಯನ್ನೇ ಸುತ್ತಬೇಕು ಎಂಬ ಕಾನೂನು ಮಾಡಿದ್ದರು. ಹಾಗೆಯೇ ಮಾಡಿದೆವು ಅಂತ ಪ್ರಮಾಣ ಮಾಡಬೇಕಿತ್ತು, ತಪ್ಪಿದರೆ ಐದು ಪೌಂಡ್ ದಂಡ. ದಂಡ ಕಟ್ಟಿ ನಾರುಬಟ್ಟೆಯಲ್ಲೇ ಹೂಳಿಸಿದವರು ಕಂಡರೆ ಉಳ್ಳವರ ಮನೆ ಎಂದು ಊಹಿಸಬಹುದು. ಅಂಥ ಮನೆಯವರು ಉಯಿಲು ಬರೆದಿರುತ್ತಾರೆ, ಅದನ್ನು ಹುಡುಕಿ.

ಮಗು ನವೆಂಬರ್ 1742ರಲ್ಲಿ ಹುಟ್ಟಿ ಫೆಬ್ರವರಿ 1742ರಲ್ಲಿ ಸತ್ತಿದೆ ಅಂತಿದೆ. ಇದು ಹೇಗೆ ಸಾಧ್ಯ?

1751ರವರೆಗೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಆ ಪುಸ್ತಕದ 1742ರ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1743ರ ಫೆಬ್ರವರಿ. ಮಗು ಮೂರು ತಿಂಗಳು ಬದುಕಿತ್ತು. ನೀವು ಬರೆದುಕೊಳ್ಳುವಾಗ 1742/3 ಎಂದು ಎರಡೂ ಬರೆಯಿರಿ. 1752ರಿಂದ ಜನವರಿ 1ಕ್ಕೆ ವರ್ಷ ಶುರು. ಅದೇ ವರ್ಷ ಸೆಪ್ಟೆಂಬರ್ 2ರ ಮರುದಿನವೇ 14 ಬಂತು, ನಡುವಿನ ದಿನಗಳಲ್ಲಿ ಒಂದೂ ಸಮಾಧಿ ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ.

ನನಗೆ ವೆಲ್ಷ್ ಒಂದಕ್ಷರವೂ ಬರಲ್ಲ. ಓದೋಕೆ ಆಗುತ್ತಾ?

ಪುಸ್ತಕ ಓದಲು ವೆಲ್ಷ್ ಬೇಕಾಗುವುದಿಲ್ಲ. ಊರಿಗೆ ಊರೇ ವೆಲ್ಷ್ ಆಡುತ್ತಿದ್ದರೂ ಪಾದ್ರಿ ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, 1730ರ ದಶಕಕ್ಕೆ ಮುಂಚೆ ಅನೇಕ ಕಡೆ ಲ್ಯಾಟಿನ್‌ನಲ್ಲಿ. ಸೆಪುಲ್ಟಸ್ ಅಂದರೆ ಹೂಳಲ್ಪಟ್ಟ ಗಂಡಸು, ಸೆಪುಲ್ಟಾ ಅಂದರೆ ಹೆಂಗಸು, ವಿಡುವಾ ಅಂದರೆ ವಿಧವೆ. ಇಷ್ಟು ಗೊತ್ತಿದ್ದರೆ ಬಂಡಿ ಓಡುತ್ತದೆ.

ಹೆಸರಿನ ವಿಷಯದಲ್ಲಿ ಮಾತ್ರ ಹುಷಾರು. ಮನೆಯಲ್ಲಿ ಶಾನ್ ಅಂತ ಕರೆಸಿಕೊಂಡವಳು ಪುಸ್ತಕದಲ್ಲಿ ಜೇನ್, ಲೌರಿ ಅನ್ನುವವಳು ಲಾರಾ, ದಾವಿಡ್ ಡೇವಿಡ್ ಆಗಿರುತ್ತಾರೆ.

ಕಲ್ಲಿನ ಮೇಲೆ ಬರೆದದ್ದು, ಮುಖ್ಯವಾಗಿ 19ನೇ ಶತಮಾನದಲ್ಲಿ, ವೆಲ್ಷ್‌ನಲ್ಲೇ ಇರುತ್ತದೆ. ಏರ್ ಕೋವ್ ಅಮ್ ಎಂದು ಶುರುವಾಗುತ್ತದೆ, ಅಂದರೆ ಇಂಥವರ ನೆನಪಿಗೆ. ಬೀ ವಾರು ಅಂದರೆ ತೀರಿಕೊಂಡರು. ಹೆವಿಡ್ ಅಂದರೆ ಜೊತೆಗೆ ಇವರೂ. ಗ್ವ್ರೈಗ್ ಹೆಂಡತಿ, ಮಾಬ್ ಮಗ, ಮೆರ್ಖ್ ಮಗಳು. ಉಳಿದದ್ದು ಬಹುಪಾಲು ಪದ್ಯ, ಬೈಬಲ್ ವಚನ. ಫೋಟೋ ತೆಗೆದುಕೊಂಡು ನಿಧಾನಕ್ಕೆ ಓದಿ. ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಕಲ್ಲನ್ನು ಉಜ್ಜಬೇಡಿ, ಸೀಮೆಸುಣ್ಣ ಬಳಿಯಬೇಡಿ.

## ಹೆಸರಿನ ಗೋಜಲು

ಅಪ್ಪನ ಸರ್‌ನೇಮ್ ಒಂದು, ಮಗನದು ಇನ್ನೊಂದು. ಬರೆದವರು ತಪ್ಪು ಮಾಡಿದ್ರಾ?

ತಪ್ಪಲ್ಲ. ವೇಲ್ಸ್‌ನ ಹಳೆಯ ಪದ್ಧತಿಯಲ್ಲಿ ಮನೆತನದ ಹೆಸರೇ ಇರಲಿಲ್ಲ, ಅಪ್ಪನ ಹೆಸರು ಮಗನಿಗೆ ಸೇರುತ್ತಿತ್ತು. ಅಪ್ಪನ ಹೆಸರನ್ನು ಇನಿಶಿಯಲ್ ಮಾಡಿಕೊಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವಾನ್ ಥಾಮಸ್‌ನ ಮಗ ಡೇವಿಡ್ ಇವಾನ್ ಆಗುತ್ತಾನೆ, ಅವನ ಮಗ ಜಾನ್ ಡೇವಿಡ್ ಆಗುತ್ತಾನೆ. ಮಗ ಎನ್ನುವುದಕ್ಕೆ ಆಪ್ ಅಥವಾ ಆಬ್, ಮಗಳಿಗೆ ವೆರ್ಖ್. ಆಪ್ ಹವೆಲ್ ಪೊವೆಲ್ ಆಯಿತು, ಆಪ್ ರೀಸ್ ಪ್ರೈಸ್ ಆಯಿತು, ಆಬ್ ಓವೆನ್ ಬೋವೆನ್ ಆಯಿತು.

ಶ್ರೀಮಂತರು 16ನೇ ಶತಮಾನದಲ್ಲೇ ಖಾಯಂ ಸರ್‌ನೇಮ್ ಹಿಡಿದರು. ಗುಡ್ಡಗಾಡಿನ ರೈತರಲ್ಲಿ ಹಳೆಯ ಪದ್ಧತಿ 1800ರ ಆಚೆಗೂ ನಡೆದಿದೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಹಳೇ ರೀತಿ, ಇನ್ನೊಬ್ಬ ಹೊಸ ರೀತಿ ಇಟ್ಟುಕೊಂಡದ್ದೂ ಉಂಟು. ಆದ್ದರಿಂದ ಸಮಾಧಿ ಹುಡುಕುವಾಗ ಎರಡೂ ಹೆಸರಲ್ಲಿ ಹುಡುಕಿ.

ಅಜ್ಜಿಯ ಅಜ್ಜಿ ಗಂಡನ ಹೆಸರಲ್ಲಿ ಎಲ್ಲೂ ಸಿಗ್ತಿಲ್ಲ.

ತವರಿನ ಹೆಸರಲ್ಲಿ ಹುಡುಕಿ. ವೇಲ್ಸ್‌ನ ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು ಮದುವೆಯ ನಂತರವೂ ಹುಟ್ಟಿನ ಹೆಸರನ್ನೇ ಉಳಿಸಿಕೊಂಡಿದ್ದರು. ವಿಧವೆಯಾಗಿ ಸತ್ತವರ ನಮೂದಿನಲ್ಲಿ ಇದು ಇನ್ನೂ ಸಾಮಾನ್ಯ.

ಪ್ಯಾರಿಷ್ ತುಂಬ ಜಾನ್ ಜೋನ್ಸ್‌ಗಳೇ. ನಮ್ಮವನು ಯಾರು ಅಂತ ಹೇಗೆ ಗೊತ್ತಾಗುತ್ತೆ?

ಜಾಗದ ಹೆಸರಿನಿಂದ. ವೇಲ್ಸ್‌ನ ಹಳ್ಳಿಗಾಡಿನಲ್ಲಿ ಒಬ್ಬ ಮನುಷ್ಯನ ನಿಜವಾದ ಗುರುತು ಅವನ ತೋಟದ ಮನೆಯ ಹೆಸರು. ಜಾನ್ ಜೋನ್ಸ್ ಅಂದರೆ ಯಾರೂ ಅಲ್ಲ. ಪಂತ್‌ಗ್ಲಾಸ್‌ನ ಜಾನ್ ಜೋನ್ಸ್ ಅಂದರೆ ಊರಿಗೆಲ್ಲ ಗೊತ್ತು. 1813ರ ನಂತರದ ಪುಸ್ತಕದಲ್ಲಿ ವಾಸದ ಜಾಗ ಎಂಬ ಅಂಕಣದಲ್ಲಿ ಇದೇ ಹೆಸರು ಇರುತ್ತದೆ. ಕೆಲವು ಪಾದ್ರಿಗಳು ಅದಕ್ಕೂ ಮುಂಚಿನಿಂದ ಬರೆದಿದ್ದಾರೆ.

ಕೆಲಸ ಮಾಡುವ ರೀತಿ ಹೀಗೆ. ನಿಮ್ಮ ಜಾನ್ ಹುಟ್ಟಿರಬಹುದಾದ ವರ್ಷದ ಹಿಂದೆ ಮುಂದೆ ಐದು ವರ್ಷ ತೆಗೆದುಕೊಳ್ಳಿ. ಆ ಪ್ಯಾರಿಷ್‌ನಲ್ಲಿ ಹುಟ್ಟಿದ ಎಲ್ಲ ಜಾನ್ ಜೋನ್ಸ್‌ಗಳ ಪಟ್ಟಿ ಮಾಡಿ. ಪ್ರತಿಯೊಬ್ಬನ ಎದುರು ಅಪ್ಪನ ಹೆಸರು, ಮನೆಯ ಹೆಸರು ಬರೆಯಿರಿ. ಆಮೇಲೆ ಸಮಾಧಿ ಪುಸ್ತಕ ಹಿಡಿದು ಒಬ್ಬೊಬ್ಬನನ್ನೇ ಮಣ್ಣು ಮಾಡುತ್ತ ಬನ್ನಿ. ಮೂರು ತಿಂಗಳ ಕೂಸಾಗಿ ಹೋದವನನ್ನು ಹೊಡೆದುಹಾಕಿ. ಹತ್ತೊಂಬತ್ತಕ್ಕೇ ಹೋದವನನ್ನೂ ಹೊಡೆದುಹಾಕಿ. ನಿಮ್ಮವನು ಗಣಿ ಕೆಲಸಕ್ಕೆ ಅಬರ್‌ಡೇರ್‌ಗೆ ಹೋದವನಾದರೆ, ಎಂಬತ್ತು ವರ್ಷ ಅದೇ ಪಂತ್‌ಗ್ಲಾಸ್‌ನಲ್ಲಿ ಬದುಕಿ ಸತ್ತವನು ಅವನಾಗಿರಲು ಸಾಧ್ಯವಿಲ್ಲ. ಹೀಗೆ ಹೊಡೆದುಹಾಕುತ್ತ ಬಂದರೆ ಕೊನೆಗೆ ಒಬ್ಬನೋ ಇಬ್ಬರೋ ಉಳಿಯುತ್ತಾರೆ. ಬೇಸರದ ಕೆಲಸವೇ. ಆದರೆ ಇದಕ್ಕೆ ಅಡ್ಡದಾರಿ ಇಲ್ಲ, ನಾನಂತೂ ಕಂಡಿಲ್ಲ.

ಉಳಿದವರನ್ನು ಜನಗಣತಿಯ ಜೊತೆ ಇಟ್ಟು ನೋಡಿ. 1851ರಿಂದ ಮುಂದಿನ ಜನಗಣತಿಯಲ್ಲಿ ಹುಟ್ಟಿದ ಪ್ಯಾರಿಷ್ ಬರೆದಿರುತ್ತದೆ. 1841ರದ್ದರಲ್ಲಿ ದೊಡ್ಡವರ ವಯಸ್ಸನ್ನು ಹೆಚ್ಚಾಗಿ ಐದರ ಲೆಕ್ಕಕ್ಕೆ ಇಳಿಸಿದ್ದಾರೆ, ಅದನ್ನು ಅಕ್ಷರಶಃ ನಂಬಬೇಡಿ. ಮನೆ ಎಲ್ಲಿತ್ತು ಅಂತ ತಿಳಿಯಲು 1840ರ ಆಚೀಚೆ, ಟೈಥ್ ಎಂಬ ಚರ್ಚಿನ ತೆರಿಗೆಯ ಲೆಕ್ಕಕ್ಕೆ ಮಾಡಿದ ಟೈಥ್ ನಕ್ಷೆಗಳಿವೆ. ಹೊಲ ಹೊಲಕ್ಕೂ ಒಡೆಯ ಯಾರು, ಉಳುವವನು ಯಾರು ಅಂತ ಅದರ ಪಟ್ಟಿಯಲ್ಲಿದೆ. ರಾಷ್ಟ್ರೀಯ ಗ್ರಂಥಾಲಯ ಇದನ್ನೂ ಉಚಿತವಾಗಿ ಕೊಡುತ್ತದೆ.

ಎರಡು ಮಾತು ನೆನಪಿರಲಿ. ವಾಸದ ಜಾಗ ಅಂದರೆ ಕೊನೆಗೆ ಇದ್ದ ಜಾಗ. ಮುದುಕಿ ಮಗಳ ಮನೆಯಲ್ಲಿ ಸತ್ತಿದ್ದರೆ ಮಗಳ ಮನೆಯ ಹೆಸರೇ ಬರುತ್ತದೆ. ಮುದುಕರ ವಯಸ್ಸನ್ನು ಬರೆಸಿದವರು ಮನೆಮಂದಿ, ಅಂದಾಜಿನಲ್ಲಿ. ಐದಾರು ವರ್ಷ ಹೆಚ್ಚು ಕಡಿಮೆ ಇದ್ದರೆ ತಳ್ಳಿಹಾಕಬೇಡಿ.

## ಸಿಗದೇ ಹೋದಾಗ

ನಮ್ಮವರು ಚಾಪೆಲ್‌ಗೆ ಹೋಗ್ತಿದ್ದವರು. ಚರ್ಚಿನ ಪುಸ್ತಕ ನೋಡೋದು ದಂಡ ಅಲ್ವಾ?

ಇದೊಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಜನ ನಿಂತುಬಿಡುತ್ತಾರೆ. ಪ್ಯಾರಿಷ್ ಚರ್ಚು ಅಂದರೆ ಸರ್ಕಾರ ಒಪ್ಪಿದ ಆಂಗ್ಲಿಕನ್ ಚರ್ಚು, ಅದರಿಂದ ಬೇರೆಯಾದ ಪಂಗಡಗಳ ಪ್ರಾರ್ಥನೆಮನೆಯೇ ಚಾಪೆಲ್. 19ನೇ ಶತಮಾನದ ನಡುವಿನ ಹೊತ್ತಿಗೆ ವೇಲ್ಸ್‌ನಲ್ಲಿ ಪೂಜೆಗೆ ಹೋಗುವವರಲ್ಲಿ ಹೆಚ್ಚಿನವರು ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಇಂಡಿಪೆಂಡೆಂಟ್ ಚಾಪೆಲ್‌ಗಳವರು. ಮಕ್ಕಳ ದೀಕ್ಷಾಸ್ನಾನ ಚಾಪೆಲ್‌ನಲ್ಲೇ ಆಗುತ್ತಿತ್ತು. ಬ್ಯಾಪ್ಟಿಸ್ಟರಲ್ಲಂತೂ ಕೂಸುಗಳಿಗೆ ದೀಕ್ಷಾಸ್ನಾನವೇ ಇಲ್ಲ. ಆದರೆ ಹೂಳಲು ಬಹಳಷ್ಟು ಚಾಪೆಲ್‌ಗಳಿಗೆ ಜಾಗ ಇರಲಿಲ್ಲ. ಹಿರಿಯರೆಲ್ಲ ಮಲಗಿದ್ದದ್ದೂ ಪ್ಯಾರಿಷ್ ಚರ್ಚಿನ ಅಂಗಳದಲ್ಲೇ. ಹಾಗಾಗಿ ಜೀವನಪೂರ್ತಿ ಚರ್ಚಿನ ಮೆಟ್ಟಿಲು ಹತ್ತದವರೂ ಅದರ ಸಮಾಧಿ ಪುಸ್ತಕದಲ್ಲಿ ಇದ್ದಾರೆ. ಚಾಪೆಲ್ ಕುಟುಂಬಕ್ಕೆ ಚರ್ಚಿನಲ್ಲಿ ಉಳಿದಿರುವ ಒಂದೇ ಗುರುತು ಎಷ್ಟೋ ಸಲ ಇದು.

1880ರವರೆಗೆ ಅಲ್ಲಿ ಹೂಳಬೇಕಾದರೆ ಆಂಗ್ಲಿಕನ್ ಪಾದ್ರಿಯ ಪ್ರಾರ್ಥನೆಯೇ ಆಗಬೇಕಿತ್ತು. ಆ ವರ್ಷದ ಕಾನೂನು ಚಾಪೆಲ್‌ನವರಿಗೆ ತಮ್ಮದೇ ರೀತಿಯ ಕ್ರಿಯೆಗೆ ದಾರಿ ಮಾಡಿತು. ಆದರೂ ಎಲ್ಲ ಪಾದ್ರಿಗಳೂ ಒಪ್ಪಲಿಲ್ಲ. ಉತ್ತರ ವೇಲ್ಸ್‌ನ ಲ್ಯಾನ್‌ವ್ರೊಥೆನ್‌ನಲ್ಲಿ 1888ರಲ್ಲಿ ಹಿರಿಯ ಕಲ್ಲುಗಣಿ ಕೆಲಸಗಾರರೊಬ್ಬರು ಮಗಳ ಪಕ್ಕದಲ್ಲೇ ತಮ್ಮನ್ನು ಮಣ್ಣು ಮಾಡಬೇಕು ಅಂತ ಕೇಳಿಕೊಂಡಿದ್ದರು. ಪಾದ್ರಿ ಚಾಪೆಲ್ ಕ್ರಿಯೆಗೆ ಅಲ್ಲಿ ಜಾಗ ಕೊಡಲಿಲ್ಲ, ಗೇಟು ಹಾಕಿಸಿದರು. ಕುಟುಂಬದವರು ಒಬ್ಬ ಯುವ ವಕೀಲರ ಸಲಹೆ ಕೇಳಿ, ಗೇಟು ಮುರಿದು ಒಳಹೋಗಿ ಅಲ್ಲೇ ಹೂತರು. ಪ್ರಕರಣ ಲಂಡನ್ನಿನ ಕೋರ್ಟಿನವರೆಗೆ ಹೋಗಿ ಕುಟುಂಬವೇ ಗೆದ್ದಿತು. ಆ ವಕೀಲರಿಗೆ ಆಗ 25 ವರ್ಷ, ಹೆಸರು ಡೇವಿಡ್ ಲಾಯ್ಡ್ ಜಾರ್ಜ್. ಮುಂದೆ 1916ರಲ್ಲಿ ಬ್ರಿಟನ್ನಿನ ಪ್ರಧಾನಿಯಾದರು. ತಮ್ಮವರ ಪಕ್ಕ ಮಲಗುವುದು ಆ ಜನಕ್ಕೆ ಎಷ್ಟು ದೊಡ್ಡ ವಿಷಯವಾಗಿತ್ತು ಅಂತ ತಿಳಿಯಲು ಇದೊಂದು ಸಾಕು.

ಸಮಾಧಿ ಜಾಗ ಇದ್ದ ಚಾಪೆಲ್‌ಗಳೂ ಇವೆ. 1837ರಲ್ಲಿ ಮತ್ತು ಆಮೇಲೆ ಸರ್ಕಾರ ತರಿಸಿಕೊಂಡ ಚಾಪೆಲ್ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿವೆ.

ಪುಸ್ತಕ ಕಳೆದುಹೋಗಿದೆ, ಪುಟ ಹುಳ ತಿಂದಿದೆ ಅಂತಾರೆ. ಅಲ್ಲಿಗೆ ಮುಗೀತಾ?

ಇಲ್ಲ. 1598ರಿಂದ ಪ್ರತಿ ಪಾದ್ರಿ ವರ್ಷಕ್ಕೊಮ್ಮೆ ತನ್ನ ಪುಸ್ತಕದ ನಕಲು ಮಾಡಿ ಬಿಷಪ್‌ಗೆ ಕಳಿಸಬೇಕಿತ್ತು. ವೇಲ್ಸ್‌ನ ಬಿಷಪ್‌ಗಳಿಗೆ ಬಂದ ಆ ನಕಲುಗಳು ಅಬರಿಸ್ಟ್‌ವಿತ್‌ನ ಗ್ರಂಥಾಲಯದಲ್ಲಿವೆ. 1660ಕ್ಕೆ ಮುಂಚಿನವು ಕಡಿಮೆ, ನಡುನಡುವೆ ಬಿಟ್ಟುಹೋದ ವರ್ಷಗಳೂ ಇವೆ. ಗಡಿಯ ಕೆಲವು ಪ್ಯಾರಿಷ್‌ಗಳು, ಪ್ರೆಸ್ಟೀನ್‌ನಂಥವು, ಹೆರೆಫರ್ಡ್ ಬಿಷಪ್‌ಗೆ ಸೇರಿದ್ದವು. ಅವುಗಳ ನಕಲನ್ನು ಇಂಗ್ಲೆಂಡ್ ಕಡೆ ಹುಡುಕಬೇಕು. ಮೂಲ ಸಿಕ್ಕಿದ್ದರೂ ನಕಲು ನೋಡಿ. ಒಂದರಲ್ಲಿ ಬಿಟ್ಟಿದ್ದು ಇನ್ನೊಂದರಲ್ಲಿ ಇರುವುದುಂಟು.

ಬದುಕಿದ್ದ ಊರಲ್ಲೇ ಸಮಾಧಿ ಸಿಗ್ತಿಲ್ಲ. ಎಲ್ಲಿ ಹೋದ್ರು?

ಮೊದಲು ಊರು ಸರಿಯಾಗಿದೆಯಾ ನೋಡಿ. ಲ್ಯಾನ್‌ವಿಹ್ಯಾಂಗೆಲ್, ಲ್ಯಾನ್‌ವೇರ್ ಎಂಬ ಹೆಸರಿನ ಪ್ಯಾರಿಷ್‌ಗಳು ವೇಲ್ಸ್ ತುಂಬ ಇವೆ. ಸುತ್ತಲಿನ ಪ್ಯಾರಿಷ್ ಎಲ್ಲ ನೋಡಿ, ಯಾಕೆಂದರೆ ಜನ ಹುಟ್ಟಿದೂರಿಗೆ, ಅಪ್ಪ ಅಮ್ಮ ಮಲಗಿದಲ್ಲಿಗೆ ಮರಳುತ್ತಿದ್ದರು. 1850ರ ದಶಕದಿಂದ ಪಟ್ಟಣಗಳಲ್ಲಿ ಸಾರ್ವಜನಿಕ ಸ್ಮಶಾನಗಳು ಬಂದವು, ಅದರ ಪುಸ್ತಕ ಚರ್ಚಿನಲ್ಲಿರುವುದಿಲ್ಲ, ಸ್ಥಳೀಯ ಕೌನ್ಸಿಲ್‌ನಲ್ಲಿ ಕೇಳಬೇಕು. ಬುದ್ಧಿ ಸ್ಥಿಮಿತದಲ್ಲಿದ್ದೇ ಆತ್ಮಹತ್ಯೆ ಮಾಡಿಕೊಂಡರು ಅಂತ ತೀರ್ಪಾದವರನ್ನು 1823ರ ಕಾನೂನಿನ ಪ್ರಕಾರ ರಾತ್ರಿ ಒಂಬತ್ತರಿಂದ ಹನ್ನೆರಡರೊಳಗೆ, ಪ್ರಾರ್ಥನೆ ಇಲ್ಲದೆ ಹೂಳಬೇಕಿತ್ತು. 1882ರಲ್ಲಿ ಆ ಹೊತ್ತಿನ ಕಟ್ಟು ಹೋಯಿತು. ದೀಕ್ಷಾಸ್ನಾನ ಆಗದ ಕೂಸು, ಹುಟ್ಟುವಾಗಲೇ ಸತ್ತ ಕೂಸುಗಳು ಪುಸ್ತಕದಲ್ಲಿ ಸಿಗುವುದೇ ಕಷ್ಟ.

1837ರ ಜುಲೈ 1ರ ನಂತರದ ಸಾವಾದರೆ ಸರ್ಕಾರಿ ನೋಂದಣಿ ಇದೆ. ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿಯಲ್ಲಿ ಆರಂಭದಿಂದಲೂ ಸತ್ತವರ ವಯಸ್ಸು ಕಾಣುತ್ತದೆ. ಪ್ರಮಾಣಪತ್ರ ತರಿಸಿದರೆ ಸಾವಿನ ಕಾರಣ, ಸುದ್ದಿ ಕೊಟ್ಟವರು ಯಾರು ಎಂಬುದೂ ಸಿಗುತ್ತದೆ. ಸುದ್ದಿ ಕೊಟ್ಟವರು ಹೆಚ್ಚಾಗಿ ಮಗಳೋ ಸೊಸೆಯೋ ಆಗಿರುತ್ತಾರೆ, ಆ ಹೆಸರನ್ನು ಬಿಡಬೇಡಿ.

ಒಂದೇ ಬೇಸಿಗೆಯಲ್ಲಿ ಪುಟಗಟ್ಟಲೆ ಸಾವು. ಏನಾಗಿರಬಹುದು?

ವರ್ಷ 1832 ಅಥವಾ 1849 ಆಗಿದ್ದರೆ ಕಾಲರಾ. ಮರ್ಥರ್ ಟಿಡ್‌ವಿಲ್‌ ಒಂದರಲ್ಲೇ 1849ರಲ್ಲಿ 1,400ಕ್ಕೂ ಹೆಚ್ಚು ಜನ ಸತ್ತರು. ಕಬ್ಬಿಣದ ಕಾರ್ಖಾನೆಗಳ ಸುತ್ತ ಒತ್ತೊತ್ತಾಗಿ ಬೆಳೆದ ಊರು, ಕುಡಿಯುವ ನೀರು ಗಲೀಜು. ಟ್ರೆಡೀಗರ್ ಊರಿನವರು ಕಾಲರಾದಲ್ಲಿ ಸತ್ತವರನ್ನು ಊರಾಚೆ ಕೆವ್ನ್ ಗೊಲೈ ಎಂಬ ಗುಡ್ಡದ ಬಯಲಲ್ಲಿ ಹೂತರು. ಆ ಕಲ್ಲುಗಳಲ್ಲಿ ಕೆಲವು ಇಂದಿಗೂ ಅಲ್ಲಿ ನಿಂತಿವೆ.

ಗಂಡಸರ, ಹುಡುಗರ ಹೆಸರೇ ಸಾಲಾಗಿದ್ದರೆ ಗಣಿ ದುರಂತ. ಸೆಂಗೆನಿಡ್ ಗಣಿಯಲ್ಲಿ 1913ರ ಅಕ್ಟೋಬರ್ 14ರಂದು ಸ್ಫೋಟವಾಗಿ 439 ಗಣಿಗಾರರೂ ರಕ್ಷಣೆಗೆ ಇಳಿದ ಒಬ್ಬರೂ ಸತ್ತರು. ಶವಗಳನ್ನು ಹೊರತೆಗೆಯಲು ವಾರಗಳೇ ಹಿಡಿದವು. ಹೂತ ದಿನ ನವೆಂಬರ್ ಎಂದಿದ್ದರೆ ಬೇರೆ ವ್ಯಕ್ತಿ ಅಂತ ಬಿಟ್ಟುಬಿಡಬೇಡಿ. ಇಂಥ ಸಾವುಗಳ ಬಗ್ಗೆ ಆ ಕಾಲದ ಪತ್ರಿಕೆಗಳು ಹೆಸರು, ಬೀದಿ, ಮಕ್ಕಳೆಷ್ಟು ಎಂದೆಲ್ಲ ಬರೆದಿವೆ.

ನಮ್ಮ ಪೂರ್ವಜರು ವೇಲ್ಸ್‌ನಿಂದ ಬಂದು ಬೆಂಗಳೂರು ದಂಡಿನಲ್ಲಿ ತೀರಿಕೊಂಡರಂತೆ. ಅದನ್ನು ಎಲ್ಲಿ ಹುಡುಕಲಿ?

ಇಲ್ಲಿನ ಚರ್ಚುಗಳಲ್ಲಿ ಹೂತವರ ನಕಲನ್ನೂ ಲಂಡನ್ನಿಗೆ ಕಳಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ, ಫೈಂಡ್‌ಮೈಪಾಸ್ಟ್‌ನಲ್ಲೂ ನೋಡಬಹುದು. ಬೆಂಗಳೂರು ದಂಡು, ಬಳ್ಳಾರಿ ಬೇಕಾದರೆ ಮದ್ರಾಸ್ ಪ್ರಾಂತ್ಯದ ಸರಣಿ. ಬೆಳಗಾವಿ, ಧಾರವಾಡ ಬೇಕಾದರೆ ಮುಂಬೈ ಪ್ರಾಂತ್ಯದ ಸರಣಿ. ಕರ್ನಾಟಕ ಅಂತ ಹುಡುಕಿದರೆ ಏನೂ ಸಿಗದು. 19ನೇ ಶತಮಾನ ಮುಂದುವರಿದಂತೆ ಇವುಗಳಲ್ಲಿ ಸಾವಿನ ಕಾರಣವನ್ನೂ ಬರೆದಿದ್ದಾರೆ, ಅದು ವೇಲ್ಸ್‌ನ ಪ್ಯಾರಿಷ್ ಪುಸ್ತಕದಲ್ಲಿಲ್ಲ.

ಇಲ್ಲಿನ ನಮೂದಿನಲ್ಲಿ ವೇಲ್ಸ್‌ನ ಊರಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ರೆಜಿಮೆಂಟ್ ಯಾವುದು ಅಂತ ಹಿಡಿದು, ಸೈನ್ಯಕ್ಕೆ ಸೇರುವಾಗ ಬರೆಸಿದ ದಾಖಲೆಯಲ್ಲಿ ಹುಟ್ಟಿದ ಪ್ಯಾರಿಷ್ ಹುಡುಕಬೇಕು. ಪ್ಯಾರಿಷ್ ಸಿಕ್ಕಮೇಲೆ ಅಲ್ಲಿನ ಸಮಾಧಿ ಪುಸ್ತಕಕ್ಕೆ ಬನ್ನಿ. ಆತನ ಅಪ್ಪ ಅಮ್ಮ ಅಲ್ಲಿರುತ್ತಾರೆ. ಆತನದೇ ಹೆಸರಿನ ಮಗು ಅಲ್ಲೇ ಸತ್ತಿದೆಯಾ ಅಂತಲೂ ಅದೇ ಪುಟಗಳಲ್ಲಿ ನೋಡಿಬಿಡಿ.